ಯಾತಕ್ಕೆ ಸಾರ್?

ನನ್ನ ಓದುವ ಮೇಜಿನ ಖಾನೆಯಲ್ಲಿ ಹಳೇ ಅಮೃತಾಂಜನದ ಡಬ್ಬಿಯೊಂದಿದೆ. ಮುಚ್ಚಳ ತೆಗೆದರೆ ಒಂದಿಷ್ಟು ಹತ್ತಿ, ಹತ್ತಿಯ ಮೇಲೆ ತೊಗರಿಬೇಳೆಯಷ್ಟು ಅಗಲದ, ಚಪ್ಪಟೆಯಾದ ಸೀಸದ ಚೂರು. ರಜಕ್ಕೆ ಬಂದ ಮೊಮ್ಮಗ ಅದನ್ನು ನೋಡಿ ಯಾರದೋ ಹಲ್ಲು ಅಂದುಕೊಂಡ. ಮೂವತ್ತು ವರ್ಷಕ್ಕೂ ಹೆಚ್ಚು ಮಕ್ಕಳ ತಪ್ಪು ತಿದ್ದಿದ ಕನ್ನಡ ಮೇಷ್ಟ್ರು ನಾನು. ಅದೊಂದನ್ನು ಮಾತ್ರ ತಿದ್ದದೆ ಸುಮ್ಮನಾದೆ. ತಿದ್ದಲು ಹೋದರೆ ಇಡೀ ಕಥೆ ಹೇಳಬೇಕಾಗುತ್ತಿತ್ತು.

ಕಥೆಯ ಬೇರು ಗುಬ್ಬಿಯಪ್ಪನ ಜಾತ್ರೆಯಲ್ಲಿದೆ. ನಮ್ಮೂರ ಚನ್ನಬಸವೇಶ್ವರಸ್ವಾಮಿಯನ್ನು ನಾವು ಕರೆಯುವುದು ಗುಬ್ಬಿಯಪ್ಪ ಅಂತಲೇ. ಆ ಜಾತ್ರೆಯ ಬಲೂನ್ ಅಂಗಡಿಯಲ್ಲಿ ಕಾಲೇಜು ದಿನಗಳಲ್ಲಿ ನಾನು ಹತ್ತಕ್ಕೆ ಎಂಟು ಬಲೂನು ಹೊಡೆದಿದ್ದೆ. ನೋಡುತ್ತ ನಿಂತವರಲ್ಲಿ ಮುಂದೆ ನನ್ನ ಹೆಂಡತಿಯಾಗಲಿದ್ದವಳೂ ಇದ್ದಳು ಎಂದು ನಾನು ಹೇಳುತ್ತೇನೆ, ಇರಲಿಲ್ಲ ಎಂದು ಅವಳು ಹೇಳುತ್ತಾಳೆ. ಬಲೂನು ತೆಂಗಿನಕಾಯಿಯಷ್ಟು ದಪ್ಪವಿತ್ತು, ನಾನು ನಿಂತದ್ದು ನಾಲ್ಕು ಮಾರು ದೂರದಲ್ಲಿ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳುತ್ತಿರಲಿಲ್ಲ. 2008ರ ಆಗಸ್ಟ್‌ನಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಏರ್ ರೈಫಲ್‌ಗೆ ಚಿನ್ನ ಗೆದ್ದಾಗ, ಸ್ಟಾಫ್ ರೂಮಿನಲ್ಲಿ ಕೂತು, "ಹತ್ತು ಮೀಟರ್ ತಾನೆ? ನಮ್ಮ ಹಜಾರದಿಂದ ಹಿತ್ತಲಿಗಾಗುತ್ತೆ" ಎಂದಿದ್ದೆ. ಅವತ್ತು ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಮುಂದೆ ಎಷ್ಟೋ ಉಳಿಯುತ್ತಿತ್ತು.

ನಿವೃತ್ತಿಯ ದುಡ್ಡು ಬಂದ ಮೇಲೆ, 2019ರ ಬೇಸಿಗೆಗೆ ಮುಂಚೆ, ಬೆಂಗಳೂರಿಗೆ ಹೋಗಿ ಏರ್‌ಗನ್ ಅಂಗಡಿ ಹೊಕ್ಕೆ. ಕಾರಣ ಸಿದ್ಧವಾಗಿತ್ತು. ಹಿತ್ತಲಿನ ಸೀಬೆಮರಕ್ಕೆ ಗಿಳಿಗಳು ಬರುತ್ತಿದ್ದವು. ತಿಂದರೂ ಪರವಾಗಿಲ್ಲ, ಒಂದೊಂದು ಕಾಯಿಗೂ ಎರಡೆರಡು ಸಲ ಕೊಕ್ಕು ಹಾಕಿ ಉಳಿದದ್ದನ್ನು ನನ್ನ ಬೋಳುತಲೆಯ ಮೇಲೆ ಬೀಳಿಸುತ್ತಿದ್ದವು.

ಅಂಗಡಿಯವರು ವಯಸ್ಸಾದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಯಾತಕ್ಕೆ ಸಾರ್?"

ನಾನು ಗಂಟಲು ಸರಿಮಾಡಿಕೊಂಡು, "ಎಲ್ಲಾದಕ್ಕೂ" ಅಂದೆ.

ಅವರು ಮುಗುಳ್ನಕ್ಕರು. ಎಲ್ಲಾದಕ್ಕೂ ಆಗುವ ಬಂದೂಕ ಇಲ್ಲ ಸಾರ್ ಎಂದು ಬಿಡಿಸಿ ಹೇಳಿದರು. ಕಾಗದದ ಗುರಿಗಾದರೆ ಹಗುರ, ಮೆತ್ತನೆ ಕುದುರೆಯ, ಬರಿಗಣ್ಣಿನಲ್ಲಿ ಗುರಿ ಹಿಡಿಯುವ ಬಂದೂಕ ಸಾಕು. ಮೂತಿ ಚಪ್ಪಟೆ ಇರುವ ಪೆಲೆಟ್ ಕಾಗದವನ್ನು ಪಂಚಿಂಗ್ ಮೆಷಿನ್ನಿನ ಹಾಗೆ ದುಂಡಗೆ ಕತ್ತರಿಸುತ್ತೆ, ಅಂಕ ಎಣಿಸೋದು ಸುಲಭ. 20 ಜೂಲ್ ಒಳಗಿನ ಶಕ್ತಿಯ, ಪಾಯಿಂಟ್ ಒನ್ ಸೆವೆನ್ ಸೆವೆನ್ ನಳಿಗೆಯದಕ್ಕೆ ಲೈಸೆನ್ಸ್ ಬೇಡ, ಗುರುತಿನ ಚೀಟಿ ಕೊಟ್ಟರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. "ಲೈಸೆನ್ಸ್ ಬೇಡ ಅಂದ್ರೆ ಹಕ್ಕಿಪಕ್ಷಿ ಹೊಡೀಬಹುದು ಅಂತಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಗಿಳಿ ಸಾಕೋದೂ ತಪ್ಪು, ಹೊಡೆಯೋದಂತೂ ಬಿಡಿ."

ಗಿಳಿ ಅಂತ ನಾನು ಹೇಳಿಯೇ ಇರಲಿಲ್ಲ! ನನ್ನಂಥ ಎಷ್ಟು ಜನ ಸೀಬೆಮರದ ಮಾಲೀಕರನ್ನು ನೋಡಿದ್ದರೋ. ಪಾಠದ ಹೊತ್ತಲ್ಲಿ ಕಿಟಕಿ ನೋಡುವ ಹುಡುಗನ ಹಾಗೆ ತಲೆಯಾಡಿಸುತ್ತ, ನಾನು ಗೋಡೆಯ ಮೇಲೆ ತೂಗುಹಾಕಿದ್ದರಲ್ಲೆಲ್ಲ ದೊಡ್ಡದಾದ, ದುರ್ಬೀನು ಕೂರಿಸಿದ ಕಪ್ಪು ಬಂದೂಕವನ್ನೇ ನೋಡುತ್ತಿದ್ದೆ. ಅದನ್ನೇ ತಂದೆ.

ಗುಬ್ಬಿಯಲ್ಲಿ ಬಸ್ಸಿಳಿದಾಗ ಉದ್ದನೆ ಪೆಟ್ಟಿಗೆ ನೋಡಿ ಪರಿಚಯದವರೊಬ್ಬರು, "ಏನ್ ಮೇಷ್ಟ್ರೇ, ತಂಬೂರಿನಾ? ನಾಟಕ ಏನಾದ್ರೂ ಮಾಡ್ತಿದೀರಾ?" ಅಂದರು. ಗುಬ್ಬಿ ವೀರಣ್ಣನವರ ಊರಲ್ಲಿ ಉದ್ದನೆ ಪೆಟ್ಟಿಗೆ ಕಂಡರೆ ಜನಕ್ಕೆ ಮೊದಲು ಹೊಳೆಯುವುದು ನಾಟಕ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ತೇಜಸ್ವಿಯವರ 'ಕರ್ವಾಲೊ'ವನ್ನು ತರಗತಿಯಲ್ಲಿ ಕೈಕಾಲು ಆಡಿಸಿಕೊಂಡು ಓದಿದವನು ನಾನು. ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ಅವರು ಕನ್ನಡಕ್ಕೆ ತಂದದ್ದನ್ನಂತೂ ಬಾಯಿಪಾಠದಷ್ಟು ಬಲ್ಲೆ. ಆದರೆ ನನ್ನ ಮನಸ್ಸು ಹಿಡಿದುಕೊಂಡದ್ದು ಬಂದೂಕ ಹೆಗಲಿಗೇರಿಸಿದ ತೇಜಸ್ವಿಯನ್ನು. ಬಂದೂಕ ಕೆಳಗಿಟ್ಟು ಕ್ಯಾಮೆರಾ ಹಿಡಿದು, ಒಂದು ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ಕೂತ ತೇಜಸ್ವಿ ಅದೇ ಮನುಷ್ಯ ಎಂಬುದನ್ನು ಜಾಣತನದಿಂದ ಮರೆತಿದ್ದೆ.

ಮೊದಲ ವಾರ ತೆಂಗಿನ ಚಿಪ್ಪಿಗೆ ಹೊಡೆದೆ. ಚಿಪ್ಪು ಅಲ್ಲಾಡಲಿಲ್ಲ. ಬಂದೂಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ, ಗುಂಡು ಇನ್ನಷ್ಟು ದೂರ ಹೋಯಿತು. ದುರ್ಬೀನಿನ ತಿರುಪನ್ನು ದಿನಕ್ಕೊಂದು ಕಡೆ ತಿರುಗಿಸಿದೆ. ಪೆಲೆಟ್ ಹಾಕದೆ ಖಾಲಿ ಹೊಡೆದು ಅಭ್ಯಾಸ ಮಾಡಿದೆ. ಗಾಳಿಗೆ ತಡೆಯಿಲ್ಲದೆ ಕೊಳವೆಯೊಳಗಿನ ಕೊಂತ ಹೋಗಿ ಬಡಿದು, ಸ್ಪ್ರಿಂಗು ವಾಷರು ಎಲ್ಲ ಹಾಳಾಗುತ್ತವೆ ಎಂಬುದು ಆಗ ಗೊತ್ತಿರಲಿಲ್ಲ. "ಚಿಪ್ಪು ಹತ್ತಿರ ಹೋಗಿ ಕೈಲಿ ಹೊಡೀರಿ, ಬೇಗ ಆಗುತ್ತೆ" ಎಂದಳು ಹೆಂಡತಿ.

ಏಪ್ರಿಲ್‌ನ ಒಂದು ಬೆಳಿಗ್ಗೆ, ಎಂಟು ಗಂಟೆ ಇರಬಹುದು. ಸೀಬೆಮರದ ತುದಿಗೆ ನಾಲ್ಕು ಗಿಳಿ ಬಂದು ಕೂತವು. ಬರೀ ಹೆದರಿಸುತ್ತೇನೆ ಎಂದುಕೊಂಡೆ. ಹೆದರಿಸುವವನು ಚಪ್ಪಾಳೆ ತಟ್ಟುತ್ತಾನೆ; ನಾನು ಬಂದೂಕ ಮಡಚಿ, ಪೆಲೆಟ್ ಹಾಕಿ, ಉಸಿರು ಬಿಗಿಹಿಡಿದು, ದುರ್ಬೀನಿನ ಗೆರೆಯ ನಡುವೆ ಒಂದು ಕೆಂಪು ಕೊಕ್ಕನ್ನು ಇಟ್ಟುಕೊಂಡೆ. ಕುದುರೆ ಎಳೆದೆ.

ಗಿಳಿಗಳು ಕಿರ್ರೆಂದು ಹಾರಿದವು. ಮರುಕ್ಷಣ ಪಕ್ಕದ ಮನೆಯ ಮಹಡಿಯಿಂದ 'ಢಬ್' ಎಂದು ಸದ್ದು, ಹಿಂದೆಯೇ ನೀರು ಧುಮುಕುವ ಸದ್ದು. ನನ್ನ ಗುಂಡು ಗಿಳಿಯನ್ನು ಬಿಟ್ಟು, ಮರವನ್ನು ಬಿಟ್ಟು, ಕಾಂಪೌಂಡು ದಾಟಿ ಪಕ್ಕದ ಮನೆಯ ಸೋಲಾರ್ ಹೀಟರಿನ ಗಾಜಿನ ಕೊಳವೆಗೆ ಬಡಿದಿತ್ತು. ಒಂದು ಕೊಳವೆ ಒಡೆದರೆ ಸಾಕು, ಟ್ಯಾಂಕಿನ ನೀರೆಲ್ಲ ಅದರಿಂದಲೇ ಖಾಲಿ. ಅಷ್ಟೂ ಬಿಸಿನೀರು ಹರಿದುಹೋದದ್ದು, ಆ ಮನೆಯ ಅಕ್ಕ ಆಗತಾನೆ ಹಳೇ ಸೀರೆಯ ಮೇಲೆ ಬಿಟ್ಟು ಕೆಳಗಿಳಿದಿದ್ದ ಅಕ್ಕಿ ಸಂಡಿಗೆಯ ಮೇಲೆ.

ಮಕ್ಕಳಿಗೆ ಸತ್ಯ ಹರಿಶ್ಚಂದ್ರನ ಪಾಠ ಮಾಡಿದವನು ಆಗ ಏನು ಮಾಡಿದೆ? ಬಂದೂಕವನ್ನು ಮಂಚದ ಕೆಳಗೆ ತಳ್ಳಿ, ಪಂಚೆ ಸರಿಪಡಿಸಿಕೊಂಡು, ಏನೂ ಅರಿಯದವನ ಹಾಗೆ ಪಕ್ಕದ ಮನೆಗೆ ಹೋದೆ. ಅಕ್ಕ ಒದ್ದೆ ಸಂಡಿಗೆಯ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. "ಏನಾಯ್ತು ನೋಡಿ ಮೇಷ್ಟ್ರೇ" ಅಂದರು.

"ಕೋತಿ ಅಕ್ಕ," ಅಂದೆ. "ದೊಡ್ಡದೊಂದು ಕೋತಿ. ಇದೇ ಕಡೆಯಿಂದ ಹಾರಿದ್ದನ್ನ ನಾನೇ ನೋಡ್ದೆ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಕೋತಿಯ ಗಾತ್ರವನ್ನೂ ಕೈಯಲ್ಲಿ ತೋರಿಸಿದ್ದೆ.

ಬಂದೂಕ ಮತ್ತೆ ಹೊರಗೆ ಬರಲಿಲ್ಲ. ಊಟ ಸೇರಲಿಲ್ಲ. ಹೆಂಡತಿ ಏನೂ ಕೇಳಲಿಲ್ಲ. ಕೇಳದಿರುವುದೇ ಅವಳ ವಿಚಾರಣೆ. ಎರಡನೇ ವಾರ ನಾನೇ ಬಾಯಿಬಿಟ್ಟು, ಜೊತೆಗೆ ಒಂದು ಸಮರ್ಥನೆಯನ್ನೂ ಮುಂದಿಟ್ಟೆ. ಸಲೀಂ ಅಲಿ ಅಂಥವರೇ ಚಿಕ್ಕ ವಯಸ್ಸಲ್ಲಿ ಏರ್‌ಗನ್ನಿನಿಂದ ಗುಬ್ಬಿ ಹೊಡೆದವರು. ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಇದ್ದದ್ದು ನೋಡಿ, ಅದು ಯಾವ ಹಕ್ಕಿ ಎಂದು ತಿಳಿಯಲು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹಿಡಿದುಕೊಂಡು ಹೋದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಆ ಹುಡುಗನನ್ನು ಗದರಿಸದೆ ಕಪಾಟು ತೆರೆದು ಹಕ್ಕಿಗಳ ರಾಶಿಯನ್ನೇ ತೋರಿಸಿದರು. ದೇಶಕ್ಕೊಬ್ಬ ಪಕ್ಷಿತಜ್ಞ ಸಿಕ್ಕಿದ್ದು ಹಾಗೆ. ಮುಂದೆ ಅವರು ತಮ್ಮ ಆತ್ಮಕಥೆಗೆ ಹೆಸರಿಟ್ಟದ್ದೂ ಆ ಗುಬ್ಬಿ ಬಿದ್ದದ್ದನ್ನು ನೆನೆದೇ. "ಆದ್ದರಿಂದ ಏರ್‌ಗನ್ ಅಂದ ತಕ್ಷಣ..." ಎಂದು ನಾನು ಮುಂದುವರಿಸುತ್ತಿದ್ದೆ.

ಅವಳು ಸೊಪ್ಪು ಬಿಡಿಸುತ್ತಲೇ ಅಂದಳು: "ಅವರು ಬೀಳಿಸಿದ ಹಕ್ಕಿ ಯಾವುದು ಅಂತ ಕೇಳೋಕೆ ಅಷ್ಟು ದೂರ ಹೋದ್ರು. ನೀವು ಒಡೆದ ಗಾಜು ಯಾರು ಒಡೆದಿದ್ದು ಅಂತ ಹೇಳೋಕೆ ಪಕ್ಕದ ಮನೆಗೂ ಹೋಗಲಿಲ್ಲ."

ಆದರೂ ನಾನು ಹೋಗಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಲೇ ಬಸವ ಜಯಂತಿ ಬಂತು. ಅಕ್ಕನೇ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು. ತಟ್ಟೆಯ ಅಂಚಿನಲ್ಲಿ ಕ್ಯಾಲೆಂಡರಿನ ಹಾಳೆಯಲ್ಲಿ ಮಡಿಸಿದ ಸಣ್ಣ ಪೊಟ್ಟಣ. ವಿಭೂತಿಯೋ ಏನೋ ಎಂದು ಕಣ್ಣಿಗೊತ್ತಿಕೊಂಡು ಬಿಚ್ಚಿದೆ. ಚಪ್ಪಟೆಯಾದ ಪೆಲೆಟ್.

"ಆವತ್ತು ಬಂದಿತ್ತಲ್ಲ ಮೇಷ್ಟ್ರೇ ಕೋತಿ," ಅಂದರು ಅಕ್ಕ, ಮುಖದ ಒಂದು ಗೆರೆಯೂ ಅಲ್ಲಾಡದಂತೆ. "ಇದನ್ನ ಬೀಳಿಸ್ಕೊಂಡು ಹೋಗಿತ್ತು. ಇಸ್ಕೊಳ್ಳಿ, ಹುಡುಕ್ತಿರುತ್ತೆ."

ಅಂದಿನ ಒಬ್ಬಟ್ಟಿನ ರುಚಿ ನನಗೆ ನೆನಪಿಲ್ಲ. ಕೊಳವೆಯ ದುಡ್ಡು ಕೊಟ್ಟೆ, ತೆಗೆದುಕೊಂಡರು. "ದುಡ್ಡಾಯ್ತು, ಸಂಡಿಗೆ?" ಅಂದರು. ಮರುವಾರ ಅವರು ಹೊಸದಾಗಿ ಸಂಡಿಗೆ ಬಿಟ್ಟಾಗ ಕಾಯುವ ಕೆಲಸ ನನ್ನದಾಯಿತು. ತುದಿಗೆ ಕಪ್ಪು ಬಟ್ಟೆ ಕಟ್ಟಿದ ಕೋಲೊಂದನ್ನು ಕೈಗಿತ್ತು, "ಹಕ್ಕಿಗೆ ಇಷ್ಟೇ ಸಾಕು" ಎಂದರು. ಮೂರು ದಿನ ತಲೆಗೆ ಟವೆಲ್ ಸುತ್ತಿಕೊಂಡು ಆ ಮಹಡಿಯ ಮೇಲೆ ಕೂತೆ. ಕೆಳಗಿನ ರಸ್ತೆಯಲ್ಲಿ ಹೋಗುವ ಹಳೇ ವಿದ್ಯಾರ್ಥಿಗಳು, "ನಮಸ್ಕಾರ ಸಾರ್, ಸಂಡಿಗೆನಾ?" ಎಂದು ಕೇಳಿಕೊಂಡು ಹೋದರು. ಕೋಲು ಎತ್ತಿದರೆ ಸಾಕು, ಹಕ್ಕಿಗಳು ಹಾರಿಹೋಗುತ್ತಿದ್ದವು.

ರಜಕ್ಕೆ ಬಂದಿದ್ದ ಅಕ್ಕನ ಮೊಮ್ಮಗಳು ಅಲ್ಲೇ ಪರಿಚಯವಾದದ್ದು. ಏರ್ ರೈಫಲ್ ಕಲಿಯುತ್ತಿದ್ದ ಕಾಲೇಜು ಹುಡುಗಿ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದದ್ದನ್ನು ತನ್ನ ಮನೆಯವರೇ ಹೊಡೆದ ಹಾಗೆ ಹೇಳಿದಳು. ನಲವತ್ತು ಗುಂಡು, ನಲವತ್ತೂ ಹತ್ತು. ಆಮೇಲೆ ಒಂದು ಗುರಿಹಾಳೆ ತಂದು ತೋರಿಸಿದಳು. ಹತ್ತು ಉಂಗುರವೂ ಸೇರಿ ಅಗಲ ನಾಲ್ಕೂವರೆ ಸೆಂಟಿಮೀಟರ್. ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ರಾಗಿಕಾಳಿನ ಅರ್ಧವೂ ಇಲ್ಲ. ಹಜಾರದಿಂದ ಹಿತ್ತಲಿಗೆ ಎಂದಿದ್ದೆನಲ್ಲ, ಆ ದೂರಕ್ಕೆ ನನ್ನ ಕಣ್ಣಿಗೆ ಚುಕ್ಕೆ ಹಾಗಿರಲಿ, ಹಾಳೆಯೇ ಮಸುಕು.

"ತಾತ, ನಿಮ್ಮ ಬಂದೂಕ ತನ್ನಿ" ಅಂದಳು. ಮಂಚದ ಕೆಳಗಿನಿಂದ ತಂದೆ. ಮೊದಲು ದುರ್ಬೀನು ಬಿಚ್ಚಿಹಾಕಿದಳು. ಒಳಗಿನ ಗೆರೆಗಳು ಆಗಲೇ ಸಡಿಲವಾಗಿದ್ದವು. ಸ್ಪ್ರಿಂಗ್ ಬಂದೂಕ ಮೊದಲು ಹಿಂದಕ್ಕೆ ಒದೆಯುತ್ತೆ, ಕೊಂತ ಹೋಗಿ ತುದಿಗೆ ಬಡಿದಾಗ ಮುಂದಕ್ಕೆ ಜಗ್ಗುತ್ತೆ, ಗುಂಡು ನಳಿಗೆ ಬಿಡುವ ಮೊದಲೇ ಇದೆಲ್ಲ ಆಗಿರುತ್ತೆ ಎಂದು ವಿವರಿಸಿದಳು. ಆ ಎರಡು ಕಡೆಯ ಹೊಡೆತಕ್ಕೆ ಅಗ್ಗದ ದುರ್ಬೀನು ಉಳಿಯುವುದಿಲ್ಲ. "ಗಟ್ಟಿ ಹಿಡಿದಷ್ಟೂ ಅದರ ನಡುಗಾಟ ನಿಮ್ಮ ಕೈಗೆ ಸಿಕ್ಕಿ ಗುರಿ ತಪ್ಪುತ್ತೆ. ಅಂಗೈ ಬಿಚ್ಚಿ ಸುಮ್ನೆ ಅದರ ಮೇಲೆ ಮಲಗಿಸಿ. ಅದು ಅಲ್ಲಾಡೋದಾದ್ರೆ ಅಲ್ಲಾಡಲಿ." ಅಷ್ಟರಲ್ಲಿ ಸಂಡಿಗೆ ಮಗುಚಿಹಾಕುತ್ತಿದ್ದ ಅಕ್ಕ, "ಕೋಳಿಮರಿ ಹಿಡಿದಂಗೆ" ಎಂದು ಸೇರಿಸಿದರು.

ಹಿತ್ತಲ ಮೂಲೆಯಲ್ಲಿ ಮರದ ಪೆಟ್ಟಿಗೆಗೆ ಹಳೇ ಬಟ್ಟೆ ತುರುಕಿ, ಹಿಂದೆ ಮರಳಿನ ಚೀಲ ಒಟ್ಟಿ, ಮುಂದೆ ಹಾಳೆ ಅಂಟಿಸಿದೆವು. ಗುರಿಗಿಂತ ಗುರಿಯ ಹಿಂದೆ ಏನಿದೆ ಎಂದು ಮೊದಲು ನೋಡಬೇಕು ಎಂಬುದು ಅವಳ ಮೊದಲ ಪಾಠ. ನಾನು ಅದನ್ನು ಒಂದು ಸೋಲಾರ್ ಕೊಳವೆಯ ಬೆಲೆ ಕೊಟ್ಟು ಆಗಲೇ ಕಲಿತಿದ್ದೆ. ಮೊದಲ ಹತ್ತರಲ್ಲಿ ಆರು ಗುಂಡು ಹಾಳೆಯ ಉಂಗುರಗಳೊಳಗೆ ಬಿದ್ದವು. ಜಾತ್ರೆಯ ಎಂಟು ಬಲೂನಿಗಿಂತ ಆ ಆರು ತೂತು ನನಗೆ ಹೆಚ್ಚು ಹಿತವಾಗಿ ಕಂಡವು. ನೋಡುವವರು ಯಾರೂ ಇರಲಿಲ್ಲ ಎಂಬುದೂ ಅದಕ್ಕೆ ಕಾರಣವಿರಬಹುದು.

ಈಗಲೂ ಬೆಳಿಗ್ಗೆ ಹತ್ತೋ ಹದಿನೈದೋ ಗುಂಡು ಹೊಡೆಯುತ್ತೇನೆ, ಸೀಸ ಮುಟ್ಟಿದ ಕೈ ತೊಳೆದು ಕಾಫಿಗೆ ಕೂರುತ್ತೇನೆ. ಕಣ್ಣು ಮಬ್ಬಾದ ದಿನ ಗುಂಡೂ ಮಬ್ಬು, ಮನೆಯಲ್ಲಿ ಜಗಳವಾದ ದಿನ ಎಲ್ಲವೂ ಎಡಕ್ಕೆ. ಹಾಳೆ ನನ್ನ ಅವತ್ತಿನ ಸ್ಥಿತಿಯನ್ನು ಬರೆದುಕೊಡುತ್ತದೆ, ಕೋತಿಯ ಮೇಲೆ ಹಾಕಲು ಬಿಡುವುದಿಲ್ಲ. ನಮ್ಮೂರಿಗೆ ಈ ಹೆಸರು ಬಂದದ್ದು, ದಿನವೂ ಬಂದು ಪುರಾಣ ಕೇಳಿ, ಪುರಾಣ ಮುಗಿದ ದಿನ ಪ್ರಾಣಬಿಟ್ಟ ಜೋಡಿ ಗುಬ್ಬಿಗಳಿಂದಂತೆ. ಹಕ್ಕಿಗಳೂ ಕಿವಿಗೊಟ್ಟು ಕೇಳಿದ ಊರು. ಅಂಗಡಿಯವರ ಎರಡು ಪದದ ಪ್ರಶ್ನೆಯನ್ನು ಕೇಳಿಸಿಕೊಳ್ಳಲು ಅಲ್ಲಿಯ ಮೇಷ್ಟ್ರಿಗೆ ಇಷ್ಟೆಲ್ಲ ಬೇಕಾಯಿತು.

ಗಿಳಿಗಳು ಈಗಲೂ ಬರುತ್ತವೆ. ಬೆಂಚನ್ನು ಸೀಬೆಮರದ ಕೆಳಗಿನಿಂದ ಈಚೆಗೆ ಎಳೆದುಕೊಂಡಿದ್ದೇನೆ, ಅಷ್ಟು ಸಾಕಾಗಿತ್ತು.

ಮೊನ್ನೆ ಮೊಮ್ಮಗ ಮತ್ತೆ ಡಬ್ಬಿ ತೆಗೆದ. "ತಾತ, ಇದು ಯಾರ ಹಲ್ಲು?"

"ಹಲ್ಲಲ್ಲ ಕಣೋ, ಗುಂಡು."

"ಯಾರ್ದು?"

"ನಂದೇ" ಅಂದೆ.