ಅಕ್ಷರಕ್ಕೆ ದುಡ್ಡೋ, ಆಟಕ್ಕೆ ದುಡ್ಡೋ?

ಚಿಪ್‌ಸೆಟ್ ಅಂದರೇನು ಅಂತ ಮಕ್ಕಳು ಕೇಳಿದರೆ ನಾನು "ಊರಿನ ಸರ್ಕಲ್" ಅನ್ನುತ್ತೇನೆ. ಯುಎಸ್‌ಬಿ, ನೆಟ್‌ವರ್ಕ್, ಹಾರ್ಡ್ ಡಿಸ್ಕು... ಈ ಒಳದಾರಿಗಳಲ್ಲಿ ಹೆಚ್ಚಿನವು ಅಲ್ಲಿ ಸೇರಿ ಒಂದೇ ರಸ್ತೆಯಾಗಿ ಪ್ರೊಸೆಸರ್ ಕಡೆಗೆ ಹೋಗುತ್ತವೆ.

ಇದನ್ನು ಈಗ ಬರೆಯಲು ಕಾರಣ ನನ್ನ ಹಳೇ ವಿದ್ಯಾರ್ಥಿಯೊಬ್ಬ. ಕಾಸರಗೋಡಿನಲ್ಲಿ ಹತ್ತರವರೆಗೆ ಕನ್ನಡದಲ್ಲೇ ಕಲಿತವನು. ಎರಡು ವರ್ಷದ ಸಂಬಳದಲ್ಲಿ ಉಳಿಸಿದ 90 ಸಾವಿರದಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸುವ ಆಸೆ. ಪ್ರೊಸೆಸರ್ ರೈಜೆನ್ 5 7600 ಅಂತ ನಿಶ್ಚಯಿಸಿದ್ದ. ಅಂಗಡಿಯಲ್ಲಿ ಮಾತ್ರ "ಗೇಮಿಂಗಿಗೆ ಎಕ್ಸ್870 ಬೋರ್ಡೇ ಬೇಕು" ಅಂದರಂತೆ. ಬಿ650ಕ್ಕಿಂತ ಹತ್ತು ಸಾವಿರ ಹೆಚ್ಚು! "ಗ್ರಾಫಿಕ್ಸ್ ಕಾರ್ಡು ಸಣ್ಣದು ಮಾಡಿ ಆ ಬೋರ್ಡು ತೆಗೆಯಲಾ ಮಾಷ್ಟ್ರೇ? ಯಾಕೆ ಅಂತ ಅಲ್ಲಿ ಕೇಳಲು ನಾಚಿಕೆಯಾಯ್ತು" ಅಂದ.

ಬೇಡ ಮಾರಾಯ, ಅಂದೆ.

ಅಂಗಡಿಯವರ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಆಗ ಮೆಮೊರಿಯನ್ನು ನಡೆಸುವ ಕೆಲಸ ಚಿಪ್‌ಸೆಟ್‌ನದೇ ಆಗಿತ್ತು. 2003ರಲ್ಲಿ ಎಎಂಡಿಯ ಅಥ್ಲಾನ್ 64, 2008ರಲ್ಲಿ ಇಂಟೆಲ್‌ನ ಕೋರ್ ಐ7 ಆ ಕೆಲಸವನ್ನು ಪ್ರೊಸೆಸರ್ ಒಳಗೆ ತಂದುವು. ಗ್ರಾಫಿಕ್ಸ್ ಕಾರ್ಡಿನ ದಾರಿಯೂ ಆಮೇಲೆ ಹಾಗೆಯೇ ಆಯಿತು. ಈಗ ಈ ಕಾರ್ಡು ಮತ್ತು ಮೊದಲ ಎನ್‌ವಿಎಂಇ ಡಿಸ್ಕು ಸರ್ಕಲ್ಲಿಗೆ ಬರುವುದೇ ಇಲ್ಲ. ಅವುಗಳಿಗೆ ಪ್ರೊಸೆಸರ್‌ಗೆ ನೇರ ಹೆದ್ದಾರಿಯಿದೆ.

ಇನ್ನೊಂದು ಸ್ವಾರಸ್ಯ ಕೇಳಿ. 2022ರ ಬಿ650ರಲ್ಲೂ 2024ರ ಎಕ್ಸ್870ರಲ್ಲೂ ಇರುವುದು ಪ್ರೊಮೊಂಟರಿ 21 ಎಂಬ ಒಂದೇ ಚಿಪ್ಪು! ಎಕ್ಸ್870 ಬೋರ್ಡಿನಲ್ಲಿ ಯುಎಸ್‌ಬಿ 4 ಮತ್ತು ಗ್ರಾಫಿಕ್ಸಿಗೆ ಪಿಸಿಐಇ 5.0 ಕಡ್ಡಾಯ, ಅದಕ್ಕೇ ಬೆಲೆ. ನಮ್ಮ ಹುಡುಗನ ಬಜೆಟ್ಟಿನ ಕಾರ್ಡಿಗೆ 4.0 ಧಾರಾಳ ಸಾಕು. ಓವರ್‌ಕ್ಲಾಕಿಂಗ್ ಬಿ650ರಲ್ಲೂ ಆಗುತ್ತದೆ. ಎ620ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಇಂಟೆಲ್ ಕಡೆ ಲೆಕ್ಕ ಬೇರೆ, ಅಲ್ಲಿ ಕೆ ಅಕ್ಷರದ ಪ್ರೊಸೆಸರ್ ಜತೆ ಝಡ್ ಚಿಪ್‌ಸೆಟ್ಟೇ ಬೇಕು.

ಹೆಸರು ನೋಡಿ ಮೋಸ ಹೋಗುವುದೂ ಉಂಟು. 2025ರಲ್ಲಿ ಬಂದ ಬಿ850, ಬಿ840 ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಬಿ840ರೊಳಗೆ ಹಳೆಯ ಚಿಪ್ಪು, ಅದರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ.

ನನಗೆ ಬೇಸರವಾದದ್ದು ಆ 'ನಾಚಿಕೆ' ಎಂಬ ಮಾತಿಗೆ. ಗಣಿತದಲ್ಲಿ ತರಗತಿಗೇ ಮೊದಲಿಗನಾಗಿದ್ದ ಹುಡುಗ ಅವನು. ಇಲ್ಲಿ ಅಂಗಡಿಯ ಮಾತು ಮಲಯಾಳ, ಪೆಟ್ಟಿಗೆಯ ಮೇಲಿನ ಬರಹ ಇಂಗ್ಲಿಷ್. ನಮ್ಮ ಮಕ್ಕಳು ಎರಡರ ನಡುವೆ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತಾರೆ. ಹಾಗಾಗಬಾರದು.

ಬೋರ್ಡು ಕೊಳ್ಳುವವರು ಇಷ್ಟು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಪ್ರೊಸೆಸರ್‌ಗೆ ಈ ಬೋರ್ಡಿನ ಬಯೋಸ್ ಈಗಲೇ ಸರಿಹೊಂದುತ್ತದೆಯೇ? ಎನ್‌ವಿಎಂಇ ಜಾಗ ಎಷ್ಟು? ಮೆಮೊರಿಗೆ ನಾಲ್ಕು ಸ್ಲಾಟ್ ಇದೆಯೇ? ಪ್ರೊಸೆಸರ್‌ಗೆ ಕರೆಂಟು ಕೊಡುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇದೆಯೇ? ಕೊನೆಗೆ, ಈ ಹೆಚ್ಚಿನ ಹತ್ತು ಸಾವಿರಕ್ಕೆ ನನ್ನ ಆಟದಲ್ಲಿ ಏನು ಬದಲಾಗುತ್ತದೆ?

ಯಾವ ಭಾಷೆಯಲ್ಲಾದರೂ ಕೇಳಿ. ಉತ್ತರ ಸಿಗುವ ತನಕ ಪರ್ಸು ತೆಗೆಯಬೇಡಿ.