ಇಂಧನದ ಗೂಡು ಮತ್ತು ಬೂಷ್ಟು

ಹಾಯಿದೋಣಿಯ ಡೆಕ್ಕಿನಲ್ಲಿ ಪೆಟ್ರೋಲ್ ಕ್ಯಾನು ಅಥವಾ ಅಡುಗೆ ಅನಿಲದ ಸಿಲಿಂಡರ್ ಇಡಲೆಂದೇ ಇರುವ ಲಾಕರ್, ಅಂದರೆ ಮೇಲಿನಿಂದ ಮುಚ್ಚಳ ತೆರೆಯುವ, ದೋಣಿಯ ಒಳಭಾಗದೊಂದಿಗೆ ಸಂಪರ್ಕವಿರಬಾರದ ಗೂಡು, ಪದೇ ಪದೇ ಬೂಷ್ಟು ಹಿಡಿಯುವುದಕ್ಕೆ ಮಳೆಯಷ್ಟೇ ಉಪ್ಪೂ ಕಾರಣ. ಸಮುದ್ರದ ನೀರು ಆರಿದ ಮೇಲೆ ಉಳಿಯುವ ಉಪ್ಪಿನ ಹರಳು, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದಾಗ ತೇವವನ್ನು ಹೀರಿಕೊಂಡು ತಾನೇ ಕರಗಿ ನೀರಾಗುವುದರಿಂದ, ಸಂಜೆ ಒಣಗಿದಂತೆ ಕಂಡ ಗೋಡೆ ಬೆಳಗಾಗುವಷ್ಟರಲ್ಲಿ ಅಂಟಂಟಾಗಿರುತ್ತದೆ. ಕ್ಯಾನಿನ ತಳದಿಂದ ಇಳಿದ ಎಣ್ಣೆಯ ಜಿಡ್ಡು ಅಲ್ಲಿಯೇ ಧೂಳನ್ನು ಹಿಡಿದು ಕಪ್ಪು ಉಂಗುರವಾಗಿ ಕೂರುತ್ತದೆ. ಆದ್ದರಿಂದ ಕ್ಯಾನುಗಳನ್ನು ಹೊರಗಿಟ್ಟು, ಸೋಪಿನಿಂದ ಜಿಡ್ಡು ತೆಗೆದು, ಸಿಹಿನೀರಿನಲ್ಲಿ ಉಪ್ಪನ್ನು ಪೂರ್ತಿ ತೊಳೆದು, ಬಿಸಿಲಿನಲ್ಲಿ ಮುಚ್ಚಳ ತೆರೆದಿಟ್ಟು ಒಣಗಿಸುವುದೇ ಸರಿಯಾದ ಕ್ರಮ. ಉಳಿದ ಕಲೆಗೆ ವಿನಿಗರ್ ಬಳಸಬಹುದು, ಆದರೆ ಅದನ್ನು ಬ್ಲೀಚಿನೊಂದಿಗೆ ಎಂದಿಗೂ ಬೆರೆಸಬಾರದು, ಏಕೆಂದರೆ ಆಗ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಆದರೂ ನಿಜವಾದ ಅಪಾಯವಿರುವುದು ಬೂಷ್ಟಿನ ವಾಸನೆಯಲ್ಲಲ್ಲ, ಗೂಡಿನ ತಳದ ರಂಧ್ರದಲ್ಲಿ. ಪೆಟ್ರೋಲಿನ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರವಾದ್ದರಿಂದ, ಸೋರಿದ್ದು ಕೆಳಗಿಳಿದು ದೋಣಿಯಾಚೆ ಹರಿದುಹೋಗಲೆಂದು ಆ ರಂಧ್ರವನ್ನು ಇಟ್ಟಿರುತ್ತಾರೆ. ಎಣ್ಣೆ, ಉಪ್ಪು, ಹಗ್ಗದ ನಾರು ಸೇರಿದ ಕೊಳೆ ಮೊದಲು ಮುಚ್ಚಿಹಾಕುವುದೂ ಅದನ್ನೇ. ತೇವ ಬಾರದಿರಲೆಂದು ಅದಕ್ಕೆ ಬಟ್ಟೆ ತುರುಕುವ ರೂಢಿಯನ್ನು ಯಾವ ಕಾರಣಕ್ಕೂ ಒಪ್ಪಲಾಗದು.