ಹಾರಲಾರದ ಬಾತು

ಹೋದ ವರ್ಷ ದೀಪಾವಳಿ ಸೂಟಿಯಲ್ಲಿ ಕುರನೂರ ಧರಣದ ಹಿನ್ನೀರಿನ ಕಡೆ ಹೋಗಿದ್ದೆ. ಸಂಗಡ ಅಣ್ಣನ ಮಗ, ಏಳನೇ ಇಯತ್ತೆಯವ. ಜೇಕಿನ ಮಗ್ಗುಲಲ್ಲಿ, ಕೆಸರಿನ ಮೇಲೆ ಒಂದೇ ಕಡೆ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಗರಿ ಬಿದ್ದಿದ್ದವು.

"ಕಾಕಾ, ನಾಯಿ ಹಿಡದು ತಿಂದದ ನೋಡ್ರಿ," ಅಂದ.

ನನಗೂ ಮೊದಲು ಹಾಗೇ ಅನಿಸಿತು. ಆದರೆ ರಕ್ತವಿಲ್ಲ, ಎಲುಬಿಲ್ಲ. ಗರಿ ಎತ್ತಿ ನೋಡಿದರೆ ಬುಡ ಸಾಪಾಗಿದೆ. ನಾಯಿ, ನರಿ ತಿಂದಿದ್ದರೆ ಗರಿಯ ದಂಟು ಕಡಿದು ಜಜ್ಜಿದಂತಿರುತ್ತದೆ. ಇವು ಹಣ್ಣೆಲೆ ಉದುರಿದಂತೆ ತಾವೇ ಉದುರಿದ್ದವು. ಎಡ ರೆಕ್ಕೆಯವೂ ಇದ್ದವು, ಬಲ ರೆಕ್ಕೆಯವೂ ಇದ್ದವು.

ಕೆಲವು ಗರಿಗಳ ಒಂದು ಮಗ್ಗುಲಿಗೆ ಹೊಳೆಯುವ ಹಸಿರು ಬಣ್ಣ, ಅದರ ಕೆಳಗೆ ಕಪ್ಪು ಪಟ್ಟಿ, ತುದಿಗೆ ಬಿಳಿ ಅಂಚು. ಮನೆಯಲ್ಲಿ ಸಾಕುವ ಕಂದು ಬಾತಿನ ರೆಕ್ಕೆಯಲ್ಲೂ ಹೊಳೆಯುವ ಪಟ್ಟಿ ಇರುತ್ತದೆ, ಆದರೆ ಅದು ನೀಲಿ. ಚಳಿಗಾಲಕ್ಕೆ ಲಡಾಖ್, ಟಿಬೆಟ್ ಕಡೆಯಿಂದ ಬರುವ ಚಕ್ರವಾಕಕ್ಕೆ ಹಸಿರು ಉಂಟು, ಈ ಬಿಳಿ ಅಂಚಿಲ್ಲ. ಇದು ನಮ್ಮಲ್ಲೇ ವರ್ಷವೆಲ್ಲ ಇರುವ ಚುಕ್ಕೆ ಕೊಕ್ಕಿನ ಬಾತು. ಮರಾಠಿಯವರು ಇದಕ್ಕೆ ಹಳದಿ-ಕುಂಕೂ ಬದಕ ಅಂತಾರೆ. ಕರಿ ಕೊಕ್ಕಿನ ತುದಿಗೆ ಅರಿಷಿಣ, ಬುಡದಲ್ಲಿ ಹಣೆಗೆ ಹತ್ತಿ ಎರಡು ಕುಂಕುಮದ ಬೊಟ್ಟು. ಕಾಲು ಕೆಂಪು. ಗಂಡು ಹೆಣ್ಣು ನೋಡಲು ಹೆಚ್ಚುಕಡಿಮೆ ಒಂದೇ. ಇಷ್ಟು ಚಂದದ ಹೆಸರು ಇಟ್ಟವರು ಯಾರೋ, ಸರಿಯಾಗಿ ನೋಡಿಯೇ ಇಟ್ಟಿದ್ದಾರೆ.

ಸುಮ್ಮನೆ ಕುಳಿತೆವು. ತುಸು ಹೊತ್ತಿಗೆ ಜೇಕಿನೊಳಗಿಂದ ಒಂದು ಬಾತು ಹೊರಬಂತು. ತಲೆ ನೀರಿಗಿಟ್ಟು, ಬಾಲ ಮೇಲೆತ್ತಿ ಮೇಯುತ್ತಿತ್ತು. ಈ ಜಾತಿ ಮೇಯುವುದೇ ಹಾಗೆ, ಪೂರ್ತಿ ಮುಳುಗಿ ಹೋಗುವುದಿಲ್ಲ. ಹುಡುಗ ಎದ್ದು ನಿಂತ. ಬಾತು ಹಾರಲಿಲ್ಲ. ಮೋಟು ರೆಕ್ಕೆ ನೀರಿಗೆ ಬಡಿಯುತ್ತ ಓಡಿ ಮತ್ತೆ ಜೇಕು ಸೇರಿತು.

"ಪಕ್ಕ ಮುರದದೇನ್ರಿ ಕಾಕಾ?"

ಮುರಿದಿರಲಿಲ್ಲ. ಕಾಗೆ, ಪಾರಿವಾಳ ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಬದಲಿಸುತ್ತವೆ, ಹಾರಾಟ ನಿಲ್ಲುವುದಿಲ್ಲ. ಬಾತಿನ ಮೈ ಭಾರ, ರೆಕ್ಕೆ ಸಣ್ಣದು. ನಾಲ್ಕು ಗರಿ ಕಡಿಮೆಯಾದರೂ ಹಾರುವುದು ಕಷ್ಟ. ಅದಕ್ಕೇ ಮರಿ ಮಾಡುವ ಕೆಲಸ ಮುಗಿದ ಮೇಲೆ ಹಾರುವ ಗರಿಗಳನ್ನೆಲ್ಲ ಒಮ್ಮೆಲೇ ಉದುರಿಸಿ, ಮೂರು ನಾಲ್ಕು ವಾರ ಜೇಕಿನಲ್ಲಿ ಅಡಗಿರುತ್ತದೆ.

ಇದನ್ನು ಅವನಿಗೆ ಹೇಳುತ್ತಿದ್ದಂತೆ ನನ್ನ ಮಾತು ನಿಂತಿತು. ನಾನು ಅವನಷ್ಟಿದ್ದಾಗ ಬೋರಿ ಹೊಳೆಯ ಮಡುವಿನಲ್ಲಿ ಮಾಮಾ ಮತ್ತು ನಾನು ಇಂಥದೇ ಒಂದನ್ನು ಬೆನ್ನಟ್ಟಿ ಹಿಡಿದಿದ್ದೆವು. "ಯಾರೋ ಸಾಕಿದ್ದು, ಹಾರಬಾರದಂತ ಪಕ್ಕ ಕತ್ತರಿಸ್ಯಾರ," ಅಂದಿದ್ದರು ಮಾಮಾ. ಆ ರಾತ್ರಿ ಜೋಳದ ರೊಟ್ಟಿ ಜೊತೆ ಅದನ್ನೇ ಉಂಡೆವು. ಪುಕ್ಕ ತರಿಯುವ ಕೆಲಸ ನನ್ನದಿತ್ತು. ರೆಕ್ಕೆಯ ಅಂಚಿಗೆ ಸಾಲಾಗಿ ನೀಲಿ ಮುಳ್ಳಿನಂಥ ಕೊಳವೆ, ಕಿತ್ತರೆ ಒಳಗೆ ರಕ್ತ. ಕತ್ತರಿಸಿದ್ದರೆ ಅರ್ಧ ಗರಿ ಉಳಿದು ತುದಿ ಮೊಂಡಾಗಿರಬೇಕಿತ್ತು. ಅವು ಹೊಸದಾಗಿ ಹುಟ್ಟುತ್ತಿದ್ದ ಗರಿ. ಮಾಮಾ ಕೆಟ್ಟವರಲ್ಲ, ಸಾಕಿದ್ದಲ್ಲ ಎಂದು ತಿಳಿದಿದ್ದರೂ ಬಿಡುತ್ತಿದ್ದರೋ ಇಲ್ಲವೋ ನಾ ಹೇಳಲಾರೆ. ನಾನಂತೂ ಚಪ್ಪರಿಸಿ ಉಂಡಿದ್ದೆ. ಇದನ್ನೂ ಹುಡುಗನಿಗೆ ಹೇಳಿದೆ. ಅವ ಏನೂ ಅನ್ನಲಿಲ್ಲ.

ಅಷ್ಟರಲ್ಲಿ ದನ ಕಾಯುವ ಇಬ್ಬರು ಹುಡುಗರು ನಾಯಿ ಸಮೇತ ಬಂದರು. "ಸರ, ಅಲ್ಲೊಂದು ಕುಂಟ ಬಾತು ಅದ, ನಾಳೆ ಹಿಡೀತೀವಿ," ಅಂದರು. ಕಾಡುಬಾತು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ ಎಂದು ಹೇಳಿದೆ. ಅವರಿಗೆ ಅದು ನಾಟಲಿಲ್ಲ. ನನ್ನ ಅಣ್ಣನ ಮಗ ಗರಿ ತೋರಿಸಿ, "ಕುಂಟ ಅಲ್ಲೋ, ಹೊಸ ಗರಿ ಬರಲಿಕ್ಕತ್ತಾವ. ಒಂದ ತಿಂಗಳ ತಡಿ, ಹೆಂಗ ಹಾರ್ತದ ನೋಡು," ಅಂದ. ಆಗ ಮೂವರೂ ಕುಕ್ಕರಗಾಲಲ್ಲಿ ಕುಳಿತು ಗರಿ ಎಣಿಸತೊಡಗಿದರು. ನಾಯಿಯನ್ನು ಒಬ್ಬ ಕುತ್ತಿಗೆ ಹಿಡಿದು ಕೂರಿಸಿಕೊಂಡಿದ್ದ.

ಡಿಸೆಂಬರಿನಲ್ಲಿ ಮತ್ತೆ ಹೋದೆವು. ಅದೇ ಜೇಕಿನಿಂದ ಎರಡು ಬಾತು ನೀರಿನಿಂದ ನೆಟ್ಟಗೆ ಮೇಲೆದ್ದವು. ರೆಕ್ಕೆ ಬಿಚ್ಚಿದಾಗ ಬಿಸಿಲಿಗೆ ಹಸಿರು ಮಿಂಚಿತು.

"ಮುಂದಿಂದು ನಮ್ಮದ್ರಿ ಕಾಕಾ," ಅಂದ.

ಹ್ಯಾಂಗ ಗುರುತಿಸಿದಿ ಅಂತ ನಾ ಕೇಳಲಿಲ್ಲ.